ದೊಡ್ಡ ಯಜಮಾನರ ವಾಚು

ಧಾರಾವಾಹಿಯ ಸೆಟ್ಟಿನಲ್ಲಿ ಉಡುಪು, ಒಡವೆಗಳನ್ನು ನೋಡಿಕೊಳ್ಳುವವಳನ್ನು ಎಲ್ಲರೂ ಪಿನ್ನಕ್ಕ ಎಂದೇ ಕರೆಯುತ್ತಿದ್ದರು. ಅವಳ ದುಪಟ್ಟಾದ ಅಂಚಿನಲ್ಲಿ ಸದಾ ಒಂದು ಸಾಲು ಪಿನ್ನುಗಳು ಚುಚ್ಚಿಕೊಂಡಿರುತ್ತಿದ್ದವು. ಯಾವ ಸೊಸೆ ಯಾವ ದೃಶ್ಯದಲ್ಲಿ ಯಾವ ಓಲೆ ಹಾಕಿದ್ದಳೆಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುವಂಥವಳು. ಅಂಥವಳೇ ಎಡವಿದ್ದಳು.

ಆ ಕಥೆಯ ಶ್ರೀಮಂತರ ಮನೆಯಲ್ಲಿ ಅಡುಗೆಯವನ ಪಾತ್ರ ಮಾಡುವ ವಯಸ್ಸಾದ ನಟರೊಬ್ಬರಿದ್ದರು. ಮೂರು ವರ್ಷದಿಂದ ಟ್ರೇ ಹಿಡಿದು ಬರುವುದು, ಟೀ ಇಟ್ಟು ಹೋಗುವುದು, ಅಷ್ಟೇ ಅವರ ಪಾತ್ರ. ಒಂದೇ ಒಂದು ಮಾತಿಲ್ಲ. ಟ್ರೇ ತಾತ ಎಂಬ ಹೆಸರು ಹಾಗೆ ಅಂಟಿಕೊಂಡಿತ್ತು. ಒಂದು ಬೆಳಿಗ್ಗೆ ತಾತ ಮಣಿಕಟ್ಟಿಗೆ ಬಿಳಿ ಪಟ್ಟಿ ಸುತ್ತಿಕೊಂಡು ಬಂದರು. ಇಸ್ತ್ರಿಪೆಟ್ಟಿಗೆ ತಗುಲಿ ಸುಟ್ಟಿತ್ತಂತೆ.

"ಆ ಪಟ್ಟಿ ಮುಚ್ಚಿಬಿಡಿ," ಎಂದರು ನಿರ್ದೇಶಕರು. "ಜನ ಅದಕ್ಕೂ ಒಂದು ಕಥೆ ಕಟ್ತಾರೆ."

ಲೈಟು ಉರಿಯುತ್ತಿತ್ತು, ಎಲ್ಲರೂ ಅವಸರ ಮಾಡುತ್ತಿದ್ದರು. ಪಿನ್ನಕ್ಕ ಒಡವೆಗಳ ಪೆಟ್ಟಿಗೆಗೆ ಕೈ ಹಾಕಿ, ಸಿಕ್ಕಿದ ಅಗಲ ಪಟ್ಟಿಯ ವಾಚೊಂದನ್ನು ಬ್ಯಾಂಡೇಜಿನ ಮೇಲೆ ಕಟ್ಟಿದಳು. ಅದರ ಗಾಜಿನ ಮೂಲೆಯಲ್ಲಿದ್ದ ಬಿರುಕು ಅವಳ ಕಣ್ಣಿಗೆ ಬೀಳಲಿಲ್ಲ.

ಅದು ಬಿದ್ದದ್ದು ಅವಳ ಅತ್ತೆಯ ಕಣ್ಣಿಗೆ. ಅತ್ತೆ ಮೂವತ್ತು ವರ್ಷ ಮೇಷ್ಟರ ಕೆಲಸ ಮಾಡಿ, ಪರೀಕ್ಷೆ ಕೋಣೆಯಲ್ಲಿ ನಕಲು ಚೀಟಿ ಹಿಡಿಯುವುದರಲ್ಲಿ ಹೆಸರು ಮಾಡಿದವರು. ನಿವೃತ್ತಿಯಾದ ಮೇಲೆ ಆ ಕಣ್ಣನ್ನೆಲ್ಲ ಟೀವಿಗೆ ನೆಟ್ಟಿದ್ದರು. ಆ ದೃಶ್ಯ ಟೀವಿಯಲ್ಲಿ ಬಂದ ಸಂಜೆ ಊಟದ ತಟ್ಟೆ ಹಿಡಿದವರು ಹಾಗೇ ನಿಂತುಬಿಟ್ಟರು.

"ಅದು ದೊಡ್ಡ ಯಜಮಾನರ ವಾಚು ಅಲ್ವೇನೆ?"

ಪಿನ್ನಕ್ಕ ಟೀವಿಯ ಹತ್ತಿರಕ್ಕೆ ಹೋಗಿ ನೋಡಿದಳು. ಕಥೆಯಲ್ಲಿ ದೊಡ್ಡ ಯಜಮಾನರು ಮೆಟ್ಟಿಲಿನಿಂದ ಬಿದ್ದು ಸತ್ತು ತಿಂಗಳಾಗಿತ್ತು, ಯಾರು ತಳ್ಳಿದರೆಂದು ಇನ್ನೂ ತೋರಿಸಿರಲಿಲ್ಲ. ಸಾಯುವ ಮುನ್ನ ಅವರು ಗಂಟೆ ನೋಡಿಕೊಂಡ ವಾಚು ಅದೇ. ಬಿರುಕನ್ನು ಕ್ಯಾಮೆರಾ ಹತ್ತಿರದಿಂದ ತೋರಿಸಿತ್ತು ಬೇರೆ.

ಬೆಳಗಾಗುವಷ್ಟರಲ್ಲಿ ಚಾನೆಲ್ಲಿನ ಇಂಟರ್ನೆಟ್ ಪುಟದಲ್ಲಿ ಜನ ಮುಗಿಬಿದ್ದಿದ್ದರು. ಕೊಂದವನು ಅಡುಗೆಯವನೇ ಎಂದು ಒಬ್ಬರು. ಮೂರು ವರ್ಷ ಬಾಯಿ ಬಿಡದವನ ಮೇಲೆ ಮೊದಲ ದಿನವೇ ಅನುಮಾನವಿತ್ತು ಎಂದು ಇನ್ನೊಬ್ಬರು. ಯಜಮಾನರು ಸತ್ತ ದಿನ ಅವನು ಟ್ರೇಯನ್ನು ಎಡಗೈಯಲ್ಲಿ ಹಿಡಿದಿದ್ದ, ಬೇಕಾದರೆ ಹಳೆಯ ಎಪಿಸೋಡು ತೆಗೆದು ನೋಡಿ ಎಂದು ಮತ್ತೊಬ್ಬರು. ಪಿನ್ನಕ್ಕ ತೆಗೆದು ನೋಡಿದಳು. ಎಡಗೈಯೇ! ಅವಳಿಗೆ ಭಯದ ನಡುವೆಯೂ ಸೋಜಿಗ. ತಾನು ದಿನವೂ ಮುಟ್ಟಿ ಸರಿಪಡಿಸುವ ಈ ಮನುಷ್ಯರಲ್ಲಿ ತನಗೆ ಕಾಣದ್ದೆಲ್ಲ ಎಲ್ಲೋ ಕುಳಿತವರಿಗೆ ಹೇಗೆ ಕಾಣುತ್ತದೆ?

ಸೆಟ್ಟಿನಲ್ಲಿ ಇನ್ನೊಂದು ತಮಾಷೆ. ವಾಚಿನ ಉಪಾಯ ನಿರ್ದೇಶಕರದ್ದೆಂದು ಕಥೆ ಬರೆಯುವವರು ತಿಳಿದರು. ನಿರ್ದೇಶಕರು ಬರೆಯುವವರದ್ದೆಂದು ತಿಳಿದರು. ಇಬ್ಬರೂ ಒಬ್ಬರನ್ನೊಬ್ಬರು ಹೊಗಳಿಕೊಂಡು, ಅಡುಗೆಯವನೇ ಕೊಲೆಗಾರ ಎಂದು ತೀರ್ಮಾನಿಸಿಬಿಟ್ಟರು. ಮುಂದಿನ ವಾರ ಅವನು ಸಿಕ್ಕಿಬೀಳುತ್ತಾನೆ, ಜೈಲಿಗೆ ಹೋಗುತ್ತಾನೆ, ಅಲ್ಲಿಗೆ ಆ ಪಾತ್ರ ಮುಗಿಯಿತು.

ಟ್ರೇ ತಾತ ಮೇಕಪ್ ಕೋಣೆಯ ಮೂಲೆಯಲ್ಲಿ ಕೂತು ಮಣಿಕಟ್ಟು ಸವರಿಕೊಳ್ಳುತ್ತಿದ್ದರು.

"ಇನ್ನು ನಾಲ್ಕು ದಿನ ಶೂಟಿಂಗು ಅಂತೆ ಕಣಮ್ಮ ನಂಗೆ," ಎಂದರು. "ಆಮೇಲೆ ಈ ವಯಸ್ಸಲ್ಲಿ ಯಾರ ಬಾಗಿಲು ತಟ್ಟಲಿ? ಟ್ರೇ ಹಿಡಿಯೋದಕ್ಕೂ ಈಗ ಗಟ್ಟಿ ಕೈ ಕೇಳ್ತಾರೆ."

ವಾಚು ಕಟ್ಟಿದವಳು ನಾನೇ ತಾತ ಎಂದು ಹೇಳಹೊರಟ ಪಿನ್ನಕ್ಕ ದುಪಟ್ಟಾದ ಪಿನ್ನುಗಳನ್ನು ಸರಿಪಡಿಸತೊಡಗಿದಳು. ಅವರಿಗೂ ಅದು ಗೊತ್ತಿತ್ತು. ಆದರೂ ಅವಳ ಹೆಸರೆತ್ತಿರಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

ಸಂಜೆ ಅವಳು ಅತ್ತೆಯ ಪಕ್ಕದಲ್ಲಿ ಕೂತಳು. "ಅತ್ತೆ, ನಿಜವಾಗ್ಲೂ ಅವನೇ ಕೊಂದಿರ್ತಾನಾ?"

ಅತ್ತೆ ಕನ್ನಡಕ ತೆಗೆದರು. "ಹೇಳೋರಿಗೇನು. ಚೀಟಿ ತಂದ ಹುಡುಗ ಯಾವತ್ತಾದ್ರೂ ಅದನ್ನ ಡೆಸ್ಕಿನ ಮೇಲೆ ಇಟ್ಕೊಂಡು ಕೂರ್ತಾನಾ? ಕದ್ದವನು ಮನೆಯೋರ ಎದುರಿಗೇ ಅದನ್ನ ಕೈಗೆ ಕಟ್ಕೊಂಡು ಟೀ ಕೊಡ್ತಾನಾ? ಯಜಮಾನರೇ ಕೊಟ್ಟಿದ್ದಾರೆ ಕಣೇ. ಆ ಮನೇಲಿ ಅವರಿಗೆ ನಂಬಿಕೆ ಇದ್ದದ್ದು ಅವನೊಬ್ಬನ ಮೇಲೆ. ಯಾರು ತಳ್ಳಿದ್ರು ಅಂತ ಅವನಿಗೆ ಗೊತ್ತು. ವಾಚು ನೋಡಿ ಯಾರ ಮುಖ ಬಿಳುಚಿಕೊಳ್ಳುತ್ತೆ ಅಂತ ಕಾಯ್ತಿದ್ದಾನೆ."



ಮರುದಿನ ಬೆಳಿಗ್ಗೆ ಪಿನ್ನಕ್ಕ ಕಥೆ ಬರೆಯುವವರ ಕೋಣೆಗೆ ಹೋದಳು. ಕೆಲಸ ಹೋದರೆ ಹೋಗಲಿ ಎಂದು ಗಟ್ಟಿ ಮನಸ್ಸು ಮಾಡಿಕೊಂಡಿದ್ದಳು. ಸುಟ್ಟ ಗಾಯ, ಅವಸರ, ಕೈಗೆ ಸಿಕ್ಕ ವಾಚು, ಎಲ್ಲವನ್ನೂ ಹೇಳಿ, ಅತ್ತೆಯ ಮಾತನ್ನೂ ಒಪ್ಪಿಸಿದಳು. ಅವರು ಪೆನ್ನಿನ ಮುಚ್ಚಳ ತೆಗೆದು ಕಾಗದ ಎಳೆದುಕೊಂಡರು.

"ಇನ್ನೊಂದ್ಸಲ ಹೇಳಿ."

"ಅವಸರದಲ್ಲಿ ತಪ್ಪಾಯ್ತು ಸರ್..."

"ಅದು ಬಿಡಿ. ಅತ್ತೆ ಹೇಳಿದ್ದು."

ಮುಂದಿನ ವಾರ ಟ್ರೇ ತಾತನಿಗೆ ಮೂರು ವರ್ಷದಲ್ಲಿ ಮೊದಲ ಮಾತು ಸಿಕ್ಕಿತು. ಶೂಟಿಂಗಿನ ದಿನ ಗಾಯ ಮಾಗಿತ್ತು. ಬರಿಯ ಮಣಿಕಟ್ಟಿಗೆ ಪಿನ್ನಕ್ಕನೇ ವಾಚು ಕಟ್ಟಿದಳು. ತಾತ ಅವಳ ತಲೆಯ ಮೇಲೆ ಕೈಯಿಟ್ಟರು. ಅವಳಿಗೆ ಅಳು ಬಂತು.

ಆ ಕಂತು ಬಂದ ಸಂಜೆ ಟೀವಿಯೊಳಗಿನ ತಾತ ಟ್ರೇ ಕೆಳಗಿಟ್ಟು, ನಡುಗುವ ದನಿಯಲ್ಲಿ ಹೇಳಿದರು: "ಇದನ್ನ ಯಜಮಾನರೇ ನನ್ನ ಕೈಗೆ ಕಟ್ಟಿದ್ರು. ಯಾಕೆ ಅಂತ ಸಮಯ ಬಂದಾಗ ಹೇಳ್ತೀನಿ." ಇನ್ನು ಆ ಸಮಯ ಬರುವವರೆಗೆ ಅವರನ್ನು ಯಾರೂ ತೆಗೆಯುವಂತಿರಲಿಲ್ಲ.

ಅತ್ತೆ ತೊಡೆ ತಟ್ಟಿಕೊಂಡರು. "ನಾನು ಹೇಳ್ಲಿಲ್ವಾ?"

ಪಿನ್ನಕ್ಕನಿಗೆ ತಡೆಯಲಾಗಲಿಲ್ಲ. "ಅತ್ತೆ, ಆ ವಾಚು ಕಟ್ಟಿದ್ದು ನಾನೇ. ಕೈತಪ್ಪಿ ಆಗಿದ್ದು. ಅದರಲ್ಲಿ ಕಥೆ ಗಿಥೆ ಏನೂ ಇರ್ಲಿಲ್ಲ."

ಅತ್ತೆ ಸೊಸೆಯನ್ನು ಕನಿಕರದಿಂದ ನೋಡಿದರು. "ಇಷ್ಟು ಯೋಚನೆ ಮಾಡಿ ಇಟ್ಟಿದ್ದನ್ನ ಕೈತಪ್ಪು ಅಂತೀಯಲ್ಲ," ಎಂದರು. "ದಿನಾ ಅಲ್ಲೇ ಇರ್ತೀಯ. ನೋಡೋದು ಮಾತ್ರ ಕಲೀಲಿಲ್ಲ ನೋಡು ನೀನು."