ಜ್ಞಾನಮ್ಮನ ಗೋದಲಿ

ಜ್ಞಾನಮ್ಮ ತೀರಿಕೊಂಡ ಮೇಲೆ ಇನ್ನಾಸಪ್ಪ ಮೇಷ್ಟ್ರು ಗಡ್ಡ ತೆಗೆದಿರಲಿಲ್ಲ. ಹರಕೆ ಗಿರಕೆ ಏನೂ ಅಲ್ಲ, ಕನ್ನಡಿಯ ಮುಂದೆ ನಿಲ್ಲಲು ಮನಸ್ಸಾಗಲಿಲ್ಲ, ಅಷ್ಟೆ. ಶ್ರಾವಣದ ಮಳೆಯಲ್ಲಿ ಹೆಂಡತಿಯನ್ನು ಮಣ್ಣು ಮಾಡಿ ಬಂದ ದಿನ ಮುಳ್ಳುಮುಳ್ಳಾಗಿದ್ದ ಗಡ್ಡ, ಡಿಸೆಂಬರ್ ಹೊತ್ತಿಗೆ ಹಿಂಜಿದ ಹತ್ತಿಯ ಹಾಗೆ ಬೆಳ್ಳಗೆ ತುಂಬಿಕೊಂಡಿತ್ತು.

ಆ ಗಡ್ಡವನ್ನು ನೋಡಿಕೊಂಡೇ ಕಟ್ಟಡದ ಅಸೋಸಿಯೇಷನ್ ಕಾರ್ಯದರ್ಶಿ ವಸಂತ್ ಒಂದು ಬೆಳಿಗ್ಗೆ ಮನೆಗೆ ಬಂದ.

"ಅಂಕಲ್, ಈ ಸಲ ಬಿಲ್ಡಿಂಗಲ್ಲಿ ಕ್ರಿಸ್ಮಸ್ ಜೋರಾಗಿ ಮಾಡ್ತಿದೀವಿ. ಇಪ್ಪತ್ನಾಲ್ಕನೇ ತಾರೀಖು ಸಂಜೆ. ಕೇಕು, ಮಕ್ಕಳಿಗೆ ಆಟ, ಮ್ಯೂಸಿಕ್. ನೀವೇ ಸಾಂಟಾ. ಗಡ್ಡ ಬಾಡಿಗೆಗೆ ತರೋ ಹಾಗೇ ಇಲ್ಲ ನೋಡಿ!" ಎಂದು ನಕ್ಕವನು, ಗೋಡೆಯ ಮೇಲಿನ ಜ್ಞಾನಮ್ಮನ ಪಟ ಕಣ್ಣಿಗೆ ಬಿದ್ದು ನಗು ನುಂಗಿಕೊಂಡ. "ಸಾರಿ ಅಂಕಲ್."

"ಪರವಾಗಿಲ್ಲಪ್ಪ, ಕೂತ್ಕೋ."

ಚಾಮರಾಜಪೇಟೆಯ ಐದನೇ ಮೇನಿನ ಆ ಕಟ್ಟಡದಲ್ಲಿ ಹನ್ನೆರಡು ಮನೆಗಳಿದ್ದರೂ ಕ್ರೈಸ್ತರ ಮನೆ ಮೇಷ್ಟ್ರದೊಂದೇ. ಕೆಳಗೆ ಲಿಫ್ಟಿನ ಪಕ್ಕ ಒಂದು ಕಟ್ಟೆ. ಕಟ್ಟಡಕ್ಕೆ ಬಂದ ವರ್ಷದಿಂದ, ಹದಿನೈದು ಡಿಸೆಂಬರು, ಜ್ಞಾನಮ್ಮ ಅದರ ಮೇಲೆ ಗೋದಲಿ ಕಟ್ಟಿದ್ದಳು. ಬಿದಿರಿನ ಸಣ್ಣ ಕೊಟ್ಟಿಗೆ, ತಟ್ಟೆಯಲ್ಲಿ ಮೊಳೆಸಿದ ರಾಗಿ ಪೈರಿನ ಹುಲ್ಲುಗಾವಲು, ಮಣ್ಣಿನ ಮರಿಯಮ್ಮ, ಅವಳ ಗಂಡ ಜೋಜಪ್ಪ, ಕುರುಬರು, ಒಂದು ಕಿವಿ ಮುರಿದ ಕುರಿ. ನಡುವೆ ಹುಲ್ಲು ಹಾಸಿದ ಪುಟ್ಟ ತೊಟ್ಟಿಲು. ಬಾಲಯೇಸು ಮಾತ್ರ ಇರುತ್ತಿರಲಿಲ್ಲ. ಇಪ್ಪತ್ತನಾಲ್ಕರ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳು ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಲಿಫ್ಟು ಹತ್ತದೆ, ಒಂದೊಂದೇ ಮೆಟ್ಟಿಲಿಳಿದು ಬಂದು ಮಲಗಿಸುತ್ತಿದ್ದಳು. ಅಲ್ಲಿಯವರೆಗೆ ತೊಟ್ಟಿಲು ಖಾಲಿಯಾಗಿರಬೇಕು. ಹಬ್ಬಕ್ಕೆ ಮುಂಚಿನ ಆಗಮನ ಕಾಲವೆಂದರೆ ಕಾಯುವ ಕಾಲ.

ವಸಂತ್ ಗಂಟಲು ಸರಿಮಾಡಿಕೊಂಡ. "ಇನ್ನೊಂದು ವಿಷಯ. ಆ ಗೋದಲಿ... ಈ ಸಲ ಮನೆ ಒಳಗೇ ಇಟ್ಕೊಂಡ್ರೆ ಒಳ್ಳೇದಿತ್ತು. ಫೋಟೋ ತೆಗೆಯೋಕೆ ಆ ಜಾಗ ಬೇಕು. ಅದೂ ಅಲ್ದೆ, ಎಲ್ಲರ ಹಬ್ಬ ಆಗ್ಲಿ ಅಂತ. ದೇವರ ವಿಷಯ ಬಂದ್ರೆ ನಾಳೆ ಒಬ್ಬೊಬ್ಬರು ಒಂದೊಂದು ಕೇಳ್ತಾರೆ. ಸಾಂಟಾ ಆದ್ರೆ ಯಾರಿಗೂ ತಕರಾರಿಲ್ಲ."

"ಹುಟ್ಟಿದ್ದು ಯಾರು ಅಂತ ಹೇಳದೆ ಹುಟ್ಟುಹಬ್ಬದ ಕೇಕು ಕತ್ತರಿಸೋದು ಹೇಗಪ್ಪ?"

ವಸಂತ್ ತಲೆ ಕೆರೆದುಕೊಂಡ. ಕೆಟ್ಟ ಹುಡುಗನಲ್ಲ, ಜ್ಞಾನಮ್ಮನ ಹೆಣದ ಪೆಟ್ಟಿಗೆಗೆ ಹೆಗಲು ಕೊಟ್ಟವನು. ಕೊನೆಗೆ ಒಪ್ಪಂದವಾಯಿತು. ಮೇಷ್ಟ್ರು ಕೆಂಪು ಕೋಟು ಹಾಕಬೇಕು. ಗೋದಲಿ ಇದ್ದ ಜಾಗದಲ್ಲೇ ಇರಬಹುದು. ಆದರೆ ಪ್ರಾರ್ಥನೆ, ಭಾಷಣ ಯಾವುದೂ ಕೂಡದು.

"ಆಗಲಿ. ಆದರೆ ಸಂಜೆ ಮಗುವನ್ನ ಮಲಗಿಸ್ತೀನಿ. ಅದನ್ನ ಬೇಡ ಅನ್ನಬೇಡ" ಎಂದರು ಮೇಷ್ಟ್ರು.

"ಮಲಗಿಸಿ ಅಂಕಲ್. ಅದಕ್ಕೇನಂತೆ."

ಮರುದಿನವೇ ಅವರು ತಟ್ಟೆಯಲ್ಲಿ ರಾಗಿ ಚೆಲ್ಲಿ ನೀರು ಚಿಮುಕಿಸಿದರು. ಅಟ್ಟದಿಂದ ರಟ್ಟಿನ ಪೆಟ್ಟಿಗೆ ಇಳಿಸಿ ಒಂದೊಂದೇ ಗೊಂಬೆಯನ್ನು ಒರೆಸಿಟ್ಟರು. ಮರಿಯಮ್ಮ ಇದ್ದಳು, ಜೋಜಪ್ಪ ಇದ್ದ, ಕಿವಿ ಮುರಿದ ಕುರಿಯೂ ಇತ್ತು. ಮಗು ಇರಲಿಲ್ಲ. ಪೆಟ್ಟಿಗೆಯನ್ನು ಬೋರಲು ಹಾಕಿದರು. ದೇವರ ಪೀಠದ ಕೆಳಗೆ, ಅಡುಗೆಮನೆಯ ಡಬ್ಬಿಗಳ ಹಿಂದೆ ಹುಡುಕಿದರು. ಸಿಗಲಿಲ್ಲ.

"ಅಮ್ಮನ ಬೀರುವಲ್ಲಿ ಇರತ್ತೆ ಬಿಡಪ್ಪ. ನಾನು ತೆಗೀಲಾ?" ಎಂದಳು ಮಗಳು ಫಿಲೋಮಿನ. ಆಸ್ಪತ್ರೆಯ ಡ್ಯೂಟಿಗೆ ಹೊರಟು ನಿಂತಿದ್ದಳು.

"ಬೇಡ."

"ಹೋಗ್ಲಿ, ಹೊಸದೊಂದು ತರ್ತೀನಿ."

"ಅದೂ ಬೇಡ ಫಿಲೂ. ನೋಡೋಣ."

ಬೀರುವಿನ ಬೀಗದ ಕೈ ಜಪಸರದ ಮೊಳೆಗೇ ತೂಗುಬಿದ್ದಿತ್ತು. ನಾಲ್ಕು ತಿಂಗಳಿಂದ ಅವರು ಜಪಸರ ತೆಗೆದುಕೊಳ್ಳುವಾಗ ಅದು ಬೆರಳಿಗೆ ತಾಗದಂತೆ ತೆಗೆಯುತ್ತಿದ್ದರು. ಆ ಬಾಗಿಲು ತೆರೆದರೆ ಅವಳ ಸೀರೆಗಳು, ಅವಳ ವಾಸನೆ. ಅದು ಹೊರಗೆ ಹರಿದು ಮುಗಿದುಹೋದರೆ ಮತ್ತೆ ಎಲ್ಲಿಂದ ತರುವುದು? ಹಾಗೆಂದು ಮಗುವಿಲ್ಲದೆ ಇಪ್ಪತ್ತನಾಲ್ಕು ಬಂದರೆ ಗೋದಲಿ ಬರಿಯ ಬೊಂಬೆಯಾಟವಾಗಿ ಉಳಿಯುತ್ತದೆ. ಹಬ್ಬವೆಂದರೆ ಕೆಂಪು ಕೋಟು ಮಾತ್ರ ಆಗುತ್ತದೆ. ಇದನ್ನೇ ಹೊರಳಿಸಿ ಹೊರಳಿಸಿ ಯೋಚಿಸುತ್ತ, ರಾಗಿ ಮೊಳೆತ ಮೇಲೆ ಕೆಳಗಿನ ಕಟ್ಟೆಯಲ್ಲಿ ಗೋದಲಿ ಕಟ್ಟಿ, ದಿನ ಕಳೆದರು.

ಇಪ್ಪತ್ತೆರಡರ ಬೆಳಿಗ್ಗೆ ಹಾಲು ತರಲು ಇಳಿದವರು ಕಟ್ಟೆಯ ಮುಂದೆ ನಿಂತುಬಿಟ್ಟರು. ಖಾಲಿ ಇರಬೇಕಾದ ತೊಟ್ಟಿಲಿನಲ್ಲಿ ಹಿತ್ತಾಳೆಯ ಅಂಬೆಗಾಲು ಕೃಷ್ಣ ಕೂತಿದ್ದ. ಕೈಯಲ್ಲಿ ಬೆಣ್ಣೆ, ಹಣೆಯಲ್ಲಿ ಹಸಿ ಕುಂಕುಮ.

ಮೊದಲು ಸಿಟ್ಟು ಬಂತು. ಆಮೇಲೆ, ಇದು ಯಾರ ಮನೆಯಲ್ಲೋ ದಿನಾ ಪೂಜೆಯಾಗುವ ದೇವರು ಎಂಬುದು ಹೊಳೆಯಿತು. ಒಗೆದ ಕರ್ಚೀಫು ಹರಡಿ, ಎರಡೂ ಕೈಯಲ್ಲಿ ಎತ್ತಿಕೊಂಡು, ಎರಡನೇ ಮಹಡಿಯ ಅಕ್ಕಯಮ್ಮನ ಬಾಗಿಲು ತಟ್ಟಿದರು. ಇಂಥ ಕೆಲಸ ಕೇಳದೆ ಮಾಡುವವರು ಕಟ್ಟಡದಲ್ಲಿ ಅವಳೊಬ್ಬಳೇ. ಗಂಡ ಮುನಿಸ್ವಾಮಿ ಇದ್ದಾಗ ಮಾರ್ಕೆಟ್ಟಿನಲ್ಲಿ ಸೊಪ್ಪಿನ ಮಂಡಿ ನಡೆಸಿದ ಗಟ್ಟಿಗಿತ್ತಿ.

"ಅಕ್ಕಯಮ್ಮನೋರೇ, ಇದು ನಿಮ್ಮದಾ?"

"ನಮ್ಮದೇ ಮೇಷ್ಟ್ರೇ. ಯಾಕೆ ತಂದ್ಬಿಟ್ರಿ?"

"ನಮ್ಮ ಮಗು ಇನ್ನೂ ಬಂದಿಲ್ಲಮ್ಮ. ಬರೋವರೆಗೂ ಅದು ಖಾಲಿ ಇರಬೇಕು. ಅದೇ ಅದರ ಅರ್ಥ. ಅಲ್ಲಿ ಇನ್ನೊಬ್ಬರನ್ನ ಕೂರಿಸೋಕಾಗಲ್ಲ. ತಪ್ಪು ತಿಳೀಬೇಡಿ."

ಅಕ್ಕಯಮ್ಮ ಕೃಷ್ಣನನ್ನು ಸೆರಗಿಗೆ ತೆಗೆದುಕೊಂಡಳು. "ನಾನ್ಯಾಕೆ ತಪ್ಪು ತಿಳೀಲಿ? ತುಂಬಿದ ಬಸುರಿ ಸೊಸೆ ದಿನಾ ಅದರ ಮುಂದೇನೇ ಓಡಾಡ್ತಾಳೆ. ಬರಿ ತೊಟ್ಟಿಲು ಬಾಯಿ ಬಿಟ್ಕೊಂಡು ಕೂತಿದ್ರೆ ಬಸುರಿ ಕಣ್ಣಿಗೆ ಅಪಶಕುನ ಅಲ್ವಾ? ಜ್ಞಾನಮ್ಮ ಹಿಂಗೆ ಬಿಡ್ತಾನೇ ಇರಲಿಲ್ಲ. ಬಟ್ಟೆ ಮುಚ್ಚಿಡ್ತಿದ್ದಳು."

"ಬಟ್ಟೆ?"

"ನೀಲಿ ವಾಯಿಲ್ ಬಟ್ಟೆ. ಸರಿ ಹೋಯ್ತು! ಹದಿನೈದು ವರ್ಷ ಏನು ನೋಡ್ತಿದ್ರಿ ನೀವು? ಮೊದಲ ವರ್ಷವೇ ನಾನು ಹೇಳಿದ್ದೆ, ಬರಿ ತೊಟ್ಟಿಲು ನಮಗೆ ಆಗಲ್ಲ ಕಣೇ ಅಂತ. 'ನಮಗೆ ಖಾಲಿ ಇರಬೇಕು, ನಿಮಗೆ ಕಾಣಬಾರದು, ಅಷ್ಟೇ ತಾನೇ' ಅಂದು ಅವತ್ತೇ ಮುಚ್ಚಿದಳು. ಹಬ್ಬದ ಸಂಜೆ ಮಗೂನ ಅದೇ ಬಟ್ಟೇಲಿ ಸುತ್ತಿ ಮಲಗಿಸೋಳು. ಹಬ್ಬ ಕಳೆದ್ಮೇಲೆ ಮದುವೆ ಸೀರೆ ಮಡಿಕೇಲಿ ಇಡ್ತೀನಿ, ಬೆಚ್ಚಗಿರ್ಲಿ ಅನ್ನೋಳು."

 ಮೇಷ್ಟ್ರು ಆ ಕಟ್ಟೆಯ ಮುಂದೆ ಅದೆಷ್ಟು ಸಲ ಹಾದುಹೋಗಿದ್ದರೋ. ಆ ಬಟ್ಟೆ ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ.

"ಕಾಫಿ ಕುಡೀರಿ."

"ಇನ್ನೊಂದಿನ ಕುಡೀತೀನಮ್ಮ. ಕೆಲಸ ಇದೆ."

ಮನೆಗೆ ಬಂದು ಮೊಳೆಯಿಂದ ಬೀಗದ ಕೈ ತೆಗೆದರು. ಶಿಲುಬೆ ಗುರುತು ಹಾಕಿಕೊಂಡು ಬಾಗಿಲೆಳೆದರು. ನುಸಿಗುಳಿಗೆ, ಚಂದ್ರಿಕಾ ಸೋಪು, ಒಣಗಿದ ಮರುಗ. ವಾಸನೆ ಮುಖಕ್ಕೆ ಬಂದು ತಾಕಿತು. ಮೇಷ್ಟ್ರು ಮಂಚದ ಅಂಚಿಗೆ ಕುಸಿದು ಮಗುವಿನ ಹಾಗೆ ಅತ್ತರು. ಮಣ್ಣು ಮಾಡಿದ ದಿನವೂ ಹಾಗೆ ಅತ್ತಿರಲಿಲ್ಲ. ಅತ್ತು ಮುಗಿದ ಮೇಲೂ ವಾಸನೆ ಅಲ್ಲೇ ಇತ್ತು.

ಮದುವೆ ಸೀರೆಯ ಮೂರನೇ ಮಡಿಕೆಯಲ್ಲಿ, ನೀಲಿ ಬಟ್ಟೆಯೊಳಗೆ, ಅಂಗೈಯಗಲದ ಬಾಲಯೇಸು ಸಿಕ್ಕಿದ. ಮಗುವನ್ನು ಅಲ್ಲೇ ಬಿಟ್ಟು ಬಟ್ಟೆಯನ್ನಷ್ಟೇ ತೆಗೆದುಕೊಂಡು ಕೆಳಗಿಳಿದು, ಖಾಲಿ ತೊಟ್ಟಿಲಿಗೆ ಹೊದಿಸಿ ಬಂದರು.

ಇಪ್ಪತ್ತನಾಲ್ಕರ ಸಂಜೆ ಕೆಳಗೆ ದೀಪದ ಸರಗಳು, ಹತ್ತಿಯ ಹಿಮ, ಕಿವಿ ಗುಂಯ್ಗುಡುವ ಹಾಡು. ಮೇಷ್ಟ್ರು ಕೊಟ್ಟ ಮಾತಿನಂತೆ ಕೆಂಪು ಕೋಟು, ಟೋಪಿ ಹಾಕಿ ಚಾಕೊಲೇಟು ಹಂಚಿದರು. ಮಕ್ಕಳು ಗಡ್ಡ ಎಳೆದು ನೋಡಿ, ನಿಜವಾದದ್ದೆಂದು ಕಿರುಚಿದವು. ದೀಪ ಹಚ್ಚುವ ಹೊತ್ತಾದಾಗ ಅವರು ಮೇಲೆ ಹೋದರು. ತಿರುಗಿ ಮೆಟ್ಟಿಲಿಳಿದು ಬಂದಾಗ ಒಂದು ಕೈ ಕೋಟಿನೊಳಗಿತ್ತು. ಕಟ್ಟೆಯ ಮುಂದೆ ನಿಂತು ಟೋಪಿ ತೆಗೆದರು. ತೊಟ್ಟಿಲಿನ ಬಟ್ಟೆಯನ್ನೆತ್ತಿ, ಅದರಲ್ಲೇ ಮಗುವನ್ನು ಸುತ್ತಿ, ಹುಲ್ಲಿನ ಮೇಲೆ ಮಲಗಿಸಿದರು. ತುಟಿ ಬಿಚ್ಚಲಿಲ್ಲ. ಮಾತು ಕೊಟ್ಟಿದ್ದರು.

"ತಾತ, ಇದು ಯಾರ ಪಾಪು?" ಎಂದಿತು ಒಂದು ಹೆಣ್ಣುಮಗು.

ಮೇಷ್ಟ್ರು ವಸಂತನತ್ತ ನೋಡಿದರು. ವಸಂತ್ ಹೋಗಿ ಹಾಡು ನಿಲ್ಲಿಸಿದ. "ಹೇಳಿ ಅಂಕಲ್. ಮಗು ಕೇಳ್ತಿದೆ."

"ದೇವರು ಕಂದಾ. ಇವತ್ತು ಇವನು ಹುಟ್ಟಿದ ಅಂತಲೇ ಈ ಹಬ್ಬ. ಅವರಮ್ಮನಿಗೆ ನೋವು ಶುರುವಾದಾಗ ಊರಲ್ಲಿ ಯಾರೂ ಒಂದು ಕೋಣೆ ಕೊಡಲಿಲ್ಲ. ಅದಕ್ಕೇ ದನದ ಕೊಟ್ಟಿಗೇಲಿ ಹುಟ್ಟಿದ."

ಮಕ್ಕಳು ಸದ್ದಿಲ್ಲದೆ ಬಗ್ಗಿ ನೋಡಿದವು. ಮಕ್ಕಳ ಹಿಂದಿನಿಂದ ಅಕ್ಕಯಮ್ಮ ಸೊಸೆ ತೇಜಶ್ರೀಯ ಕೈ ಹಿಡಿದುಕೊಂಡು ಮುಂದೆ ಬಂದಳು. ಮಗುವನ್ನು ನೋಡಿದಳು. ಮರಿಯಮ್ಮನನ್ನು ಇನ್ನೂ ಹೆಚ್ಚು ಹೊತ್ತು ನೋಡಿದಳು.

"ಅಲ್ಲ ಮೇಷ್ಟ್ರೇ, ಹಸಿ ಬಾಣಂತಿ. ಈ ಚಳೀಲಿ ಮೊಣಕಾಲೂರಿ ಕೂರಿಸಿದೀರಲ್ಲ! ಕಿವಿಗೆ ಹತ್ತಿ ಇಲ್ಲ, ತಲೆಗೆ ಬಟ್ಟೆ ಕಟ್ಟಿಲ್ಲ. ಜ್ಞಾನಮ್ಮನಿಗೂ ಎಷ್ಟು ಸಲ ಹೇಳಿದ್ದೆ."

"ಅವಳು ಏನಂತಿದ್ದಳು?"

"ಏನಂತಾಳೆ? ನಗೋಳು."

ಮೇಷ್ಟ್ರು ಕೆಂಪು ಕೋಟಿನ ತೋಳಿನಲ್ಲಿ ಕಣ್ಣೊರೆಸಿಕೊಂಡರು. ಆಮೇಲೆ ಅಲಂಕಾರದ ಹಿಮದಿಂದ ಚಿಟಿಕೆ ಹತ್ತಿ ಕಿತ್ತು, ಎರಡು ಸಣ್ಣ ಉಂಡೆ ಮಾಡಿ, ಮಣ್ಣಿನ ಮರಿಯಮ್ಮನ ಎರಡೂ ಕಿವಿಯ ಬಳಿ ಮೆಲ್ಲಗೆ ಒತ್ತಿದರು.