ಸರ್ವಾನುಮತದಿಂದ

ತುಮಕೂರಿನ ಸದಾಶಿವನಗರದಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ ಜೈಬಾ, ಮುಕ್ತ ತಂತ್ರಾಂಶದ ಪ್ರತಿಷ್ಠಾನವೊಂದರ ಏಳು ಟ್ರಸ್ಟಿಗಳಲ್ಲಿ ಒಬ್ಬಳು. ಪ್ರತಿಷ್ಠಾನದ ಹೆಸರಿಗೆ ಇದ್ದದ್ದು ಒಂದೇ ಕೆಲಸ: ಕಂಪ್ಯೂಟರಿನಲ್ಲಿ ಕನ್ನಡದ ಕಾಗುಣಿತ ತಿದ್ದುವ ತಂತ್ರಾಂಶ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಅದನ್ನು ಮಾಡಿದವರೂ ಟ್ರಸ್ಟಿಗಳಲ್ಲ. ಗುಬ್ಬಿ, ಕುಣಿಗಲ್ ಕಡೆಯ ಮೇಷ್ಟ್ರುಗಳು ರಜೆಯಲ್ಲಿ ಕೂತು ಅದರ ಪದಪಟ್ಟಿಗೆ ಪದ ಕುಟ್ಟಿದ್ದರು. ಗುಬ್ಬಿಯ ನಿವೃತ್ತ ಶಿಕ್ಷಕಿ ಪುಟ್ಟತಾಯಮ್ಮ ಒಬ್ಬರೇ ಹನ್ನೊಂದು ಸಾವಿರ ಪದ ಸೇರಿಸಿದ್ದರು. ಟ್ರಸ್ಟಿಗಳು ಮಾಡುತ್ತಿದ್ದುದು ಸಭೆ. ಉದ್ದಿನ ವಡೆ ತಿಂದು, ಎಣ್ಣೆ ಕೈಯನ್ನು ಅಜೆಂಡಾಕ್ಕೆ ಒರೆಸಿ, ಅಧ್ಯಕ್ಷ ಮಹಾಲಿಂಗಯ್ಯನವರ ಭಾಷಣಕ್ಕೆ ತಲೆಯಾಡಿಸುವುದು. 'ಪಾರದರ್ಶಕತೆ' ಎಂಬ ಪದವಿಲ್ಲದ ಭಾಷಣವನ್ನು ಅವರು ಮಾಡಿದ್ದೇ ಇಲ್ಲ. ಆ ಪದವನ್ನು ಬರೆಯುವಾಗ ಮಾತ್ರ ತಪ್ಪುತ್ತಿದ್ದರು.

೨೦೦೭ರ ಜುಲೈ ಸಭೆಯಲ್ಲಿ ಅವರು ಪದಪಟ್ಟಿಯನ್ನು ಬೆಂಗಳೂರಿನ ಕಂಪನಿಯೊಂದಕ್ಕೆ ಒಪ್ಪಿಸುವ ಮಾತೆತ್ತಿದರು. ಇನ್ನು ಮುಂದೆ ಸೇರುವ ಪದಗಳೆಲ್ಲ ಕಂಪನಿಯ ಸೊತ್ತು. ಜೈಬಾ ಎದ್ದು ನಿಂತು ಬೇಡವೆಂದಳು. ಹದಿನೈದು ದಿನ ಬಿಟ್ಟು ಅವಳ ಸಹಿಗೆ ಬಂದ ನಡಾವಳಿ ಪುಸ್ತಕದಲ್ಲಿ "ಸರ್ವಾನುಮತದಿಂದ ಅಂಗೀಕರಿಸಲಾಯಿತು" ಎಂದಿತ್ತು.

ಅವಳು ನೇರ ಉಪ್ಪಾರಹಳ್ಳಿಯಲ್ಲಿದ್ದ ಅಧ್ಯಕ್ಷರ ಮನೆಗೆ ಹೋದಳು.

"ಸಾರ್, ನಾನು ಬೇಡ ಅಂದಿದ್ದೆ."

"ಅಂದ್ರಿ ಕಣಮ್ಮ. ಅಂದಿದ್ದನ್ನೆಲ್ಲಾ ಬರ್ಯಕ್ಕಾಗುತ್ತಾ?"

"ಹಂಗಾದ್ರೆ ಒಪ್ಪಂದದ ಕಾಪಿನಾದ್ರೂ ವೆಬ್‌ಸೈಟಿಗೆ ಹಾಕಿ. ಪದ ಕೊಟ್ಟೋರು ನೋಡ್ಲಿ."

"ಟ್ರಸ್ಟು ಅಂದ್ರೆ ಮನೆ ಇದ್ದಂಗೆ. ಮನೆ ಮಾತ್ನ ಯಾರಾದ್ರೂ ಬೀದಿಗೆ ತರ್ತಾರಾ?"

ಉಳಿದ ಟ್ರಸ್ಟಿಗಳಿಗೆ ಫೋನ್ ಮಾಡಿದಳು. ಒಪ್ಪಂದವನ್ನು ಒಬ್ಬರೂ ಓದಿರಲಿಲ್ಲ. "ದೊಡ್ಡೋರು ನೋಡಿರ್ತಾರೆ ಬುಡಮ್ಮ" ಎಂದರು ಕುಣಿಗಲ್ಲಿನ ಟ್ರಸ್ಟಿ. ಅವರ ವೃತ್ತಿ ವಕೀಲಿಕೆ.

ಭಾನುವಾರ ಗುಬ್ಬಿಗೆ ಹೋಗಿ ಪುಟ್ಟತಾಯಮ್ಮನ ಮುಂದೆ ಎಲ್ಲವನ್ನೂ ಕಾರಿಕೊಂಡಳು. ಆಕೆ ಕೊನೆತನಕ ಕೇಳಿದರು.

"ಅವ್ರನ್ನ ಬೈದಿದ್ದಾಯ್ತಲ್ಲ. ಮೂರು ವರ್ಷದಿಂದ ನೀನೂ ಅಲ್ಲೇ ಕೂತಿದ್ದೆ. ಹಿಂದಿನ ನಡಾವಳಿನೆಲ್ಲ ಓದಿ ಸಹಿ ಹಾಕಿದ್ಯಾ, ಜೈಬಾ?"

ಟ್ಯೂಷನ್ನಿಗೆ ಹೊತ್ತಾಯಿತೆಂದು ಅವಳು ಮೂರು ಸಲ ಖಾಲಿ ಹಾಳೆಗೇ ಸಹಿ ಹಾಕಿ ಎದ್ದುಬಂದಿದ್ದಳು. ಇಷ್ಟು ದಿನ ಆರು ಜನರ ಮೇಲಿದ್ದ ಹೇಸಿಗೆ ಈಗ ಏಳನೆಯವಳ ಮೇಲೂ ಬಂತು.

ಸಹಿಗೆಂದು ಬಂದ ಪುಸ್ತಕ ಇನ್ನೂ ಅವಳ ಬಳಿಯೇ ಇತ್ತು. ಮರುದಿನ ಪ್ರತಿ ಪುಟವನ್ನೂ ಸ್ಕ್ಯಾನ್ ಮಾಡಿ, ಪದ ಕೊಟ್ಟ ಎಲ್ಲರಿಗೂ ಇ-ಮೇಲ್ ಕಳಿಸಿದಳು. ಜೊತೆಗೆ ಎರಡೇ ಸಾಲು: "ಇದರಲ್ಲಿ ಮೂರು ಸಭೆಗಳ ನಡಾವಳಿಗೆ ನಾನು ಖಾಲಿ ಹಾಳೆಯಲ್ಲೇ ಸಹಿ ಹಾಕಿದ್ದೇನೆ. ಜುಲೈ ನಿರ್ಣಯಕ್ಕೆ ನನ್ನ ಒಪ್ಪಿಗೆ ಇರಲಿಲ್ಲ."

ಪ್ರಶ್ನೆಗಳು ಸುರಿದವು. ಮಂಡಳಿ ಒಂದಕ್ಕೂ ಉತ್ತರಿಸದೆ, ತುರ್ತು ಸಭೆ ಕರೆದು, ಗೌಪ್ಯತೆ ಮುರಿದಳೆಂದು ಜೈಬಾಳನ್ನು ತೆಗೆದುಹಾಕಿತು. ಪ್ರತಿಷ್ಠಾನ ವೆಬ್‌ಸೈಟಿನಲ್ಲಿ ಪ್ರಕಟಿಸಿದ ಮೊತ್ತಮೊದಲ ನಿರ್ಣಯ ಅದು. ಗಲಾಟೆ ನೋಡಿ ಕಂಪನಿ ಹಿಂದೆ ಸರಿಯಿತು. ಮಹಾಲಿಂಗಯ್ಯನವರಿಗೆ ಕುರ್ಚಿ ಉಳಿಯಿತು, ಲೆಟರ್‌ಹೆಡ್ ಉಳಿಯಿತು. ಪಟ್ಟಿ ಹೇಗೂ ಎಲ್ಲರದಾಗಿತ್ತು. ಮೇಷ್ಟ್ರುಗಳು ಅದರ ನಕಲು ತೆಗೆದುಕೊಂಡು ಬೇರೆ ಹೆಸರಿನಲ್ಲಿ ಕೆಲಸ ಮುಂದುವರಿಸಿದರು.

ಅವರ ಮೊದಲ ಸಭೆ ಪುಟ್ಟತಾಯಮ್ಮನ ಪಡಸಾಲೆಯಲ್ಲಿ ನಡೆಯಿತು. ನಡಾವಳಿ ಬರೆಯುವ ಕೆಲಸ ಜೈಬಾಳ ಪಾಲಿಗೆ ಬಂತು. ಬರೆದದ್ದನ್ನು ಎಲ್ಲರೆದುರು ಗಟ್ಟಿಯಾಗಿ ಓದಿದಳು.

"ನಾಲ್ಕನೇದು ತಪ್ಪು. ನಾನು ಹಂಗಂದಿಲ್ಲ" ಎಂದರು ಕುಣಿಗಲ್ಲಿನ ಮೇಷ್ಟ್ರು ಪುಟ್ಟರಂಗಯ್ಯ.

ಜೈಬಾ ಅದನ್ನು ಹೊಡೆದುಹಾಕಿ, ಅವರು ಹೇಳಿದಂತೆ ಬರೆದು, ಮತ್ತೆ ಮೊದಲಿಂದ ಓದತೊಡಗಿದಳು.