ಮಾಸ್ಕ್ ತೆಗೆದ ಹೊತ್ತು

ಹಳೇ ಬಸ್ಸುಗಳನ್ನು ಕತ್ತರಿಸಿ ತೂಕಕ್ಕೆ ಹಾಕುವ ಆ ಗುಜರಿ ಅಂಗಳದಲ್ಲಿ ಒಂದು ಕೆಟ್ಟ ಚಾಳಿಯಿತ್ತು. ಬಿಸಿಲು ನೆತ್ತಿಗೇರಿದಾಗ, ಗ್ಯಾಸ್ ಟಾರ್ಚಿನ ಬೆಂಕಿಯಿಂದ ಕಬ್ಬಿಣ ಕೊಯ್ಯುವ ಕಟ್ಟರ್‌ಗಳು ಆಕ್ಸಿಜನ್ ಪೈಪನ್ನು ಅಂಗಿಯೊಳಗೆ ತೂರಿಸಿ ಮೈ ತಣ್ಣಗೆ ಮಾಡಿಕೊಳ್ಳುತ್ತಿದ್ದರು. ಆ ಗ್ಯಾಸು ಬಟ್ಟೆಯಲ್ಲಿ ನಿಂತರೆ ಒಂದು ಕಿಡಿ ಸಾಕು, ಮನುಷ್ಯ ಭಗ್ಗನೆ ಹೊತ್ತಿಕೊಳ್ಳುತ್ತಾನೆ. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಮಾಡುವ ಮಂಗಗಳಿಗೆ ಯಾರು ಬುದ್ಧಿ ಹೇಳುವುದು!

ಅಂದು ಬಸ್ಸಿನ ಚಾಸಿ, ಆ ಕಬ್ಬಿಣದ ಅಡಿಚೌಕಟ್ಟು, ಜಾಕಿನಿಂದ ಜಾರಿ ಹಿರಿಯ ಕಟ್ಟರ್‌ನ ತೊಡೆಯ ಮೇಲೆ ಕೂತುಬಿಟ್ಟಿತು. ಕಿರಿಯ ಕಟ್ಟರ್‌ಗೆ ಆತ ಅಕ್ಕನ ಗಂಡ. ಕೈಗೆ ಟಾರ್ಚು ಕೊಟ್ಟು ಕೆಲಸ ಕಲಿಸಿದವನು, ಮನೆಯಲ್ಲಿಟ್ಟುಕೊಂಡು ಅನ್ನ ಹಾಕಿದವನು. ಭಾವನ ರಕ್ತ ಮಣ್ಣಿಗೆ ಹರಿಯುವುದನ್ನು, ಅವನು ಏದುಸಿರು ಬಿಡುವುದನ್ನು ನೋಡಿ ತಮ್ಮನ ಜೀವ ಬಾಯಿಗೆ ಬಂತು. ಕೈಗೆ ಸಿಕ್ಕ ಆಕ್ಸಿಜನ್ ಪೈಪನ್ನೇ ಎಳೆದು ತಂದು ಮೂಗಿನ ಹತ್ತಿರ ಹಿಡಿದ. ಮೂಗಿಗೆ ಹೋದದ್ದೆಷ್ಟೋ, ಗ್ರೀಸು ಮೆತ್ತಿದ ಅಂಗಿಗೆ ಹೋದದ್ದೇ ಹೆಚ್ಚು. ಪ್ರೀತಿಯಿಂದ ಮಾಡಿದ ಪೆದ್ದತನ, ಆದರೂ ಪೆದ್ದತನವೇ.

ಆಂಬುಲೆನ್ಸಿನಲ್ಲಿ ಬಂದ ಡಾಕ್ಟರಮ್ಮ ತೊಡೆಯ ಬುಡಕ್ಕೆ ಬಿಗಿಯಾಗಿ ಪಟ್ಟಿ ಕಟ್ಟಿದರು. ಭಾವನ ತುಟಿ ಬಿಳಿಚಿಕೊಂಡಿತ್ತು, ಮೈ ತಣ್ಣಗೆ ಬೆವರುತ್ತಿತ್ತು. ಅವನ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿ, ಅದನ್ನು ಒತ್ತಿ ಹಿಡಿಯುವ ಕೆಲಸವನ್ನು ಅದೇ ಅಂಗಳದಲ್ಲಿ ತಾಮ್ರದ ತಂತಿ ಬಿಡಿಸುತ್ತಿದ್ದ ಅಕ್ಕನಿಗೆ ಕೊಟ್ಟರು.

"ಗಟ್ಟಿಯಾಗಿ ಹಿಡ್ಕೊಳ್ಳಮ್ಮ. ಕೊಡೋಕೆ ರಕ್ತ ಆಸ್ಪತ್ರೆಯಲ್ಲೇ ಇರೋದು. ಮೈಯಲ್ಲಿ ಉಳಿದಿರೋ ಚೂರು ರಕ್ತ ಅಲ್ಲೀವರೆಗೂ ಕೆಲಸ ಮಾಡ್ಬೇಕು ಅಂದ್ರೆ ಅದಕ್ಕೆ ಬರೀ ಆಕ್ಸಿಜನ್ನೇ ಸಿಗ್ತಿರ್ಬೇಕು."

"ಬಿಡಲ್ಲ ತಾಯಿ, ಸತ್ರೂ ಬಿಡಲ್ಲ," ಎಂದಳು ಅಕ್ಕ.

ಕ್ರೇನು ಊರಾಚೆ ಸೇತುವೆಯ ಮೇಲೆ ಕೆಟ್ಟು ನಿಂತಿತ್ತು. ಇನ್ನೊಂದು ಜಾಕು ಕೊಡಹೋದರೆ ಚಾಸಿ ಮತ್ತಷ್ಟು ವಾಲುತ್ತಿತ್ತು. ಗರಗಸ ಹಾಕಿದರು, ಗೀಚಿತೇ ಹೊರತು ಕೊಯ್ಯಲಿಲ್ಲ. ಉಳಿದದ್ದು ಟಾರ್ಚು. ಬೆಂಕಿ ಹಚ್ಚದೆ ಭಾವ ಹೊರಗೆ ಬರುವಂತಿಲ್ಲ, ಮಾಸ್ಕ್ ಇರುವವರೆಗೆ ಬೆಂಕಿ ಹಚ್ಚುವಂತಿಲ್ಲ.

"ಅವರ ಅಂಗಿಗೂ ಗ್ಯಾಸು ಬಿಟ್ಟಿದೀನಿ ಡಾಕ್ಟ್ರೇ," ಎಂದು ತಮ್ಮ ತಲೆ ತಗ್ಗಿಸಿದ. ಅಕ್ಕ ಅವನನ್ನು ದುರುಗುಟ್ಟಿ ನೋಡಿದಳು.

ಡಾಕ್ಟರಮ್ಮ ಬೈಯುತ್ತ ಕೂರಲಿಲ್ಲ. ಕತ್ತರಿಯಿಂದ ಬಟ್ಟೆಯನ್ನೆಲ್ಲ ಕೊಯ್ದು ಎಸೆದು, ಮೈಗೆ ನೀರು ಹೊಯ್ಯಿಸಿ, ಒದ್ದೆ ಗೋಣಿ ಹೊದಿಸಿದರು. ಮಾಸ್ಕಿನೊಳಗಿಂದ ಭಾವ ತಮ್ಮನತ್ತ ನೋಡಿ ಗೊಣಗಿದ: "ಊರೆದುರಿಗೆ ಮಾನ ಕಳೆದ್ಯಲ್ಲೋ." ಯಾರೋ ನಕ್ಕರು, ನಕ್ಕು ಅತ್ತರು.

"ಮಾಸ್ಕ್ ತೆಗೀರಿ," ಎಂದರು ಡಾಕ್ಟರಮ್ಮ. "ಇದರ ಸಿಲಿಂಡರ್ ದೂರ ಒಯ್ಯಿರಿ. ಗಾಳಿ ಬೀಸಿ ಇಲ್ಲಿರೋ ಆಕ್ಸಿಜನ್ ಚದುರಿಸಿ, ಆಮೇಲೆ ಹಚ್ಚಿ. ನಾನು ನಿಲ್ಲಿಸಿ ಅಂದ ತಕ್ಷಣ ನಿಲ್ಲಿಸ್ಬೇಕು."

ಅಕ್ಕನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಮಾಸ್ಕ್ ಬಿಟ್ಟಳು, ಗಂಡನನ್ನು ಬಿಡಲಿಲ್ಲ. ಗೋಣಿಯೊಳಗೆ ತಾನೂ ನುಸುಳಿ, ಬೆಂಕಿಗೂ ಅವನಿಗೂ ನಡುವೆ ಮಲಗಿದಳು. ಈಚೆ ಬಾ ಎಂದು ಎಲ್ಲರೂ ಕೂಗಿದರು. ಅವಳು ಗೋಣಿಯನ್ನು ತಲೆಯ ಮೇಲೆ ಎಳೆದುಕೊಂಡಳು.

ರಟ್ಟಿನಿಂದ ಗಾಳಿ ಬೀಸಿ ಬೀಸಿ ಎಲ್ಲರ ತೋಳು ಸೋತ ಮೇಲೆ ತಮ್ಮ ಟಾರ್ಚು ಹಚ್ಚಿದ. ಆ ಕೈ ಎಷ್ಟು ಬಸ್ಸುಗಳನ್ನು ಕೊಯ್ದಿತ್ತೋ! ಈಗ ಟಾರ್ಚನ್ನು ಎರಡೂ ಕೈಯಿಂದ ಹಿಡಿಯಬೇಕಾಯಿತು. ಇಬ್ಬರೂ ಅಲ್ಲೇ, ಅವನ ಮೊಣಕಾಲಿನ ಹತ್ತಿರವೇ. ಕೆಂಪು ಗೆರೆ ಕಬ್ಬಿಣದಲ್ಲಿ ನಿಧಾನವಾಗಿ ಇಳಿಯತೊಡಗಿತು. ಒಂದು ಕಿಡಿ ಗೋಣಿಗೆ ಬಿದ್ದು ಚುರ್ ಎಂದಿತು. ದೇವರು ದೊಡ್ಡವನು, ಹೊತ್ತಲಿಲ್ಲ.

"ನಿಲ್ಲಿಸಿ! ಉಸಿರು ಕೈಕೊಡ್ತಿದೆ, ಮಾಸ್ಕ್ ಬೇಕು!" ಡಾಕ್ಟರಮ್ಮ ಕೂಗಿದರು.

ಕೊಯ್ಯಲು ಹೆಬ್ಬೆರಳಗಲ ಕಬ್ಬಿಣ ಉಳಿದಿತ್ತು. ಈಗ ಆರಿಸಿದರೆ ಮತ್ತೆ ಮಾಸ್ಕ್, ಮತ್ತೆ ನೀರು, ಮತ್ತೆ ಗಾಳಿ. ಎರಡನೇ ಸಲ ಮಾಸ್ಕ್ ತೆಗೆಯಲು ಭಾವನಲ್ಲಿ ಜೀವ ಉಳಿದಿರಬೇಕಲ್ಲ!

"ಆರಿಸೋ!" ಗೋಣಿಯೊಳಗಿಂದ ಅಕ್ಕ ಕಿರುಚಿದಳು. "ಆರಿಸೋ ಪಾಪಿ, ಉಸಿರಾಡ್ತಿಲ್ಲ ಇವರು!"

ತಮ್ಮ ಆರಿಸಲಿಲ್ಲ. ಅವಳು ಬೈಯುತ್ತಲೇ ಇದ್ದಳು, ಅವನು ಹುಟ್ಟಿದ ದಿನದಿಂದ ಹಿಡಿದು ಬೈದಳು. ಅವನು ಅಳುತ್ತಲೇ ಕೊಯ್ದ. ಕೊನೆಗೆ ಕಬ್ಬಿಣ ಟಣ್ಣೆಂದು ಕಳಚಿತು. ಅವನು ಟಾರ್ಚು ಆರಿಸಿ ಹಿಂದಕ್ಕೆ ಎಸೆದ. ನಾಲ್ಕು ಜನ ಭಾವನನ್ನು ಎಳೆದು ಆಂಬುಲೆನ್ಸಿಗೆ ಹಾಕಿದರು, ಅಕ್ಕ ಹಿಂದೆಯೇ ಹತ್ತಿದಳು. ಡಾಕ್ಟರಮ್ಮ ಮಾಸ್ಕ್ ಒತ್ತಿ, ಉಸಿರು ತುಂಬುವ ಚೀಲ ಹಿಸುಕತೊಡಗಿದರು. ಹಿಸುಕಿದರು, ಹಿಸುಕಿದರು.

ಮಾಸ್ಕಿನೊಳಗೆ ತೆಳ್ಳಗೆ ಮಂಜು ಕಟ್ಟಿತು. ಹೋಯಿತು. ಮತ್ತೆ ಕಟ್ಟಿತು.

"ತಾವೇ ಎಳ್ಕೊಳ್ತಿದಾರೆ," ಎಂದರು ಡಾಕ್ಟರಮ್ಮ. "ಆದ್ರೆ ಗ್ಯಾರಂಟಿ ಏನೂ ಕೇಳ್ಬೇಡಿ. ಗಾಡಿ ಬಿಡಿ."

ಅಕ್ಕ ಕೆಳಗಿಳಿದು ಬಂದು ತಮ್ಮನ ಕೆನ್ನೆಗೆ ಫಟಾರನೆ ಬಾರಿಸಿದಳು. ಅವನು ಮುಖ ತಿರುಗಿಸಲಿಲ್ಲ. ಇನ್ನೊಂದು ಬೀಳುತ್ತದೆಂದು ಕಾದ. ಅವಳು ಅವನ ಕಾಲರು ಹಿಡಿದು ದರದರ ಎಳೆದುಕೊಂಡು ಹೋಗಿ ಗಾಡಿ ಹತ್ತಿಸಿದಳು. ಡಾಕ್ಟರಮ್ಮ ಸೂಜಿ ಚುಚ್ಚಲು ಭಾವನ ತೋಳಿನಲ್ಲಿ ನರ ಹುಡುಕುತ್ತಿದ್ದರು. ಅಕ್ಕ ತಮ್ಮನ ಮಸಿ ಕೈಯನ್ನು ಎಳೆದು ಗಂಡನ ಮಾಸ್ಕಿನ ಮೇಲೆ ಇಟ್ಟಳು.

"ಮತ್ತೆ ಹಾಕೋಕೆ ಬಿಡದವನು ನೀನು. ಹಿಡ್ಕೋ."

"ಅಕ್ಕಾ, ನನ್ನ ಕೈ ನಡುಗ್ತಿದೆ ಕಣೇ."

"ನಡುಗ್ಲಿ. ಹಿಡ್ಕೋ."